ಎದುರು ಕಿಟಕಿಯ ಬಿಸಿಲು

ಬಿಸಿಲಿಗಾಗಿ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವ ಕಾಲ ನನಗೆ ಬರುತ್ತದೆಂದು ಯಾರಾದರೂ ಜ್ಯೋತಿಷ್ಯ ಹೇಳಿದ್ದರೆ, ಅವರ ಪಂಚಾಂಗವನ್ನೇ ಅನುಮಾನಿಸುತ್ತಿದ್ದೆ. ಯಾಕೆಂದರೆ ನಾನು ರಾಯಚೂರಿನವನು. ನಮ್ಮ ಕಡೆ ಬಿಸಿಲೆಂದರೆ ಕರೆಯದೆ ಬಂದು ಪಡಸಾಲೆಯ ತನಕ ಕಾಲು ಚಾಚುವ ನೆಂಟ. ಅದನ್ನು ಹೊರಗಿಡಲು ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುವುದು, ಮಧ್ಯಾಹ್ನ ಬಾಗಿಲಿಗೆ ಅಗುಳಿ ಹಾಕಿ ಕತ್ತಲಲ್ಲಿ ಮಲಗುವುದು, ರಸ್ತೆಯ ಯಾವ ಬದಿಗೆ ನೆರಳಿದೆಯೆಂದು ನೋಡಿಕೊಂಡೇ ಹೆಜ್ಜೆ ಇಡುವುದು, ಇವು ನಮಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಬಂದ ವಿದ್ಯೆಗಳು. ಹೀಗಾಗಿ ನೋಯ್ಡಾದಲ್ಲಿ ಮನೆ ಕೊಳ್ಳಲು ಹೋದಾಗ, ತೋರಿಸಲು ಬಂದವನು 'ಉತ್ತರಕ್ಕೆ ಮುಖ ಸರ್, ಬೇಸಿಗೆಯಲ್ಲಿ ಒಂದು ಕಿರಣವೂ ಒಳಗೆ ಬರೋದಿಲ್ಲ' ಎಂದದ್ದೇ ತಡ, ನಾನು ಒಪ್ಪಿಬಿಟ್ಟೆ. ಅವನು ಹೇಳಿದ್ದು ಸುಳ್ಳೇನಲ್ಲ. ಚಳಿಗಾಲದ ಮಾತನ್ನು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಉತ್ತರಕ್ಕೆ ಮುಖ ಮಾಡಿದ ನಾಲ್ಕನೆಯ ಅಂತಸ್ತಿನ ಮನೆಯಲ್ಲಿ ಜನವರಿ ಕಳೆಯುವುದು ಎಂದರೆ ಏನೆಂದು ದಕ್ಷಿಣದ ಓದುಗರಿಗೆ ತಿಳಿಸುವುದು ಕಷ್ಟ. ಹೊರಗಿಗಿಂತ ಒಳಗೇ ಹೆಚ್ಚು ಚಳಿ. ನೆಲದ ಮೇಲೆ ಕಾಲಿಟ್ಟರೆ ಯಾರೋ ಕಚ್ಚಿದ ಹಾಗೆ. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಗ್ಯಾಸ್ ಒಲೆಯ ಪಕ್ಕ ಇಟ್ಟು ಅರ್ಧ ಗಂಟೆ ಬೇಡಿಕೊಂಡ ಮೇಲೆ ತಲೆಗೆ ಒಂದಿಷ್ಟು ಎಣ್ಣೆ ಸಿಗುತ್ತದೆ. ನಾನು ಕಂಪನಿಯೊಂದರಲ್ಲಿ ಯಂತ್ರಗಳ ಜೊತೆ ಕೊಡುವ ಕೈಪಿಡಿಗಳನ್ನು ಬರೆಯುವವನು. ವಾರದ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಮಂಕಿಟೋಪಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ ನನ್ನನ್ನು ಆನ್‌ಲೈನ್ ಮೀಟಿಂಗಿನಲ್ಲಿ ಕಂಡ ಚೆನ್ನೈನ ಸಹೋದ್ಯೋಗಿಯೊಬ್ಬರು 'ನೀವು ರಜೆಗೆ ಶಿಮ್ಲಾಕ್ಕೆ ಹೋಗಿದ್ದೀರಾ?' ಎಂದು ಅಸೂಯೆಯಿಂದ ಕೇಳಿದ್ದುಂಟು.

ನನ್ನ ಹೆಂಡತಿ ಶೈಲಜಾ ಮೈಸೂರಿನವಳು, ಇಲ್ಲಿಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ವಿಜ್ಞಾನದವಳಾದ್ದರಿಂದ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಆದರೆ ಮೊಬೈಲಿನಲ್ಲಿ ಮನೆ ಅಲಂಕಾರದ ವಿಡಿಯೊಗಳನ್ನು ನೋಡಲು ಶುರುಮಾಡಿದ ಮೇಲೆ ಅವಳಿಗೆ ಒಂದು ಹೊಸ ನಂಬಿಕೆ ಹುಟ್ಟಿತು. "ಮನೆ ಋತುವಿನ ಜೊತೆ ಉಸಿರಾಡ್ಬೇಕು ರೀ" ಎಂದಳು ಒಂದು ದಿನ. ದೀಪಾವಳಿ ಕಳೆದ ಮೇಲೆ ಈ ಊರಿನಲ್ಲಿ ಮನುಷ್ಯರೇ ಉಸಿರಾಡುವಂತಿಲ್ಲ, ಮನೆಯಾದರೂ ಆಡಲಿ ಎಂದುಕೊಂಡೆ. ಮರುವಾರದಿಂದ ಸೋಫಾದ ದಿಂಬುಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಹಿತ್ತಾಳೆಯ ತಂಬಿಗೆಯಲ್ಲಿ ಒಣಗಿದ ಹುಲ್ಲುಕಡ್ಡಿಗಳು ಬಂದು ನಿಂತವು. ಇವಕ್ಕೆಲ್ಲ ಕಿರೀಟವಿಟ್ಟ ಹಾಗೆ, ಬಾಲ್ಕನಿಯ ಗಾಜಿನ ಬಾಗಿಲಿನ ಪಕ್ಕ ಒಂದು 'ನೆಮ್ಮದಿಯ ಮೂಲೆ' ತಯಾರಾಯಿತು. ಬೆತ್ತದ ಒಂದು ಕುರ್ಚಿ, ಪುಟ್ಟ ಸ್ಟೂಲು, ಅದರ ಮೇಲೆ ತೆರೆದಿಟ್ಟ ಒಂದು ಪುಸ್ತಕ, ಕುರ್ಚಿಯ ತೋಳಿನ ಮೇಲೆ ಕೆನೆಬಣ್ಣದ ಮೆತ್ತನೆಯ ಕಂಬಳಿ. ಆ ಕಂಬಳಿಯನ್ನು ಯಾರೋ ಓದುತ್ತಿದ್ದವರು ಎದ್ದು ಹೋಗುವಾಗ ಅಲಕ್ಷ್ಯದಿಂದ ಬಿಟ್ಟುಹೋದಂತೆ ಇಡಬೇಕು. ಹಾಗೆ ಅಲಕ್ಷ್ಯದಿಂದ ಇಡಲು ಶೈಲಜಾಗೆ ಪ್ರತಿ ಬೆಳಿಗ್ಗೆ ಬಹಳ ಹೊತ್ತು ಬೇಕಾಗುತ್ತಿತ್ತು.

ನನಗಿದು ತಿಳಿಯದು. ಒಂದು ಸಂಜೆ ಚಳಿ ತಡೆಯದೆ ಅದನ್ನೇ ಎಳೆದುಕೊಂಡು ಹೊದ್ದು ಕೂತೆ. ಅಡುಗೆಮನೆಯಿಂದ ಬಂದ ಶೈಲಜಾ ಬಾಗಿಲಲ್ಲೇ ನಿಂತಳು.

"ಅಯ್ಯೋ, ಅದು ಹೊದೆಯೋಕಲ್ಲ ರೀ!"

"ಕಂಬಳಿ ಹೊದೆಯೋಕಲ್ಲದೆ ಮತ್ತ್ಯಾತಕ್ಕ?" ಎಂದೆ.

ಒಂಬತ್ತನೆಯ ಕ್ಲಾಸಿನ ಮಗಳು ಮಿಹಿಕಾ ತನ್ನ ಕೋಣೆಯಿಂದ ಇಣುಕಿ, "ಪಪ್ಪಾ, ಸಬ್ ಖರಾಬ್ ಕರ್ ದಿಯಾ, ಎಲ್ಲ ಹಾಳು! ಅದು ಕ್ಯಾಶುಯಲ್ ಆಗಿ ಕಾಣ್ಬೇಕಿತ್ತು" ಎಂದು ತೀರ್ಪು ಕೊಟ್ಟು ಮತ್ತೆ ಬಾಗಿಲು ಹಾಕಿಕೊಂಡಳು. ಆ ಚಳಿಗಾಲದಲ್ಲಿ ನಾವು ಅವಳನ್ನು ಕಾಣುತ್ತಿದ್ದುದು ಹೀಗೆ ತೀರ್ಪುಗಳನ್ನು ಕೊಡುವಾಗ ಮಾತ್ರ. ಒಂದು ಹೀಟರು, ಒಂದು ಫೋನು, ಮುಚ್ಚಿದ ಬಾಗಿಲು. ಊಟಕ್ಕೆ ಕರೆದರೆ ತಟ್ಟೆ ಒಳಗೆ ಹೋಗುತ್ತಿತ್ತು, ಖಾಲಿ ತಟ್ಟೆ ಹೊರಗೆ ಬರುತ್ತಿತ್ತು.

ಇಷ್ಟೆಲ್ಲ ಆದರೂ ಶೈಲಜಾಗೆ ಸಮಾಧಾನವಿರಲಿಲ್ಲ. ಕುರ್ಚಿಯ ಮುಂದೆ ನಿಂತು, ಕತ್ತು ವಾರೆ ಮಾಡಿ ನೋಡುತ್ತಿದ್ದಳು. ವಿಡಿಯೊದ ಮನೆಗಳಲ್ಲಿ ಇಂಥ ಮೂಲೆಯ ಮೇಲೆ ಒಂದು ಓರೆಯಾದ ಬಿಸಿಲು ಬಿದ್ದಿರುತ್ತದೆ. ಕಾಫಿಯ ಹಬೆ ಅದರಲ್ಲಿ ಕಾಣುತ್ತದೆ. ನಮ್ಮ ಮೂಲೆಯಲ್ಲಿ ಎಲ್ಲ ಇತ್ತು, ಅದೊಂದಿರಲಿಲ್ಲ. ಹಳದಿ ಬಲ್ಬಿನ ದೀಪವೊಂದನ್ನು ತಂದು ಹಚ್ಚಿ ನೋಡಿದಳು. ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯ ಹಾಗೆ ಕಂಡಿತು. ಸೊಸೈಟಿಯ ಪಾರ್ಕಿನಲ್ಲಿ ಬಿಸಿಲು ಬೀಳುತ್ತದೆ ನಿಜ. ಆದರೆ ಅಲ್ಲಿಯ ಬೆಂಚುಗಳು, ಹುಲ್ಲುಹಾಸು ಎಲ್ಲವೂ ಬೆಳಗಿನಿಂದಲೇ ಚಾಪೆ, ಕಡಲೆಕಾಯಿ, ಕಿತ್ತಳೆಹಣ್ಣುಗಳ ಸಮೇತ ವಶವಾಗಿರುತ್ತವೆ. ಫೋನಿನಲ್ಲಿ ರಾಯಚೂರಿನ ಅಕ್ಕನ ಹತ್ತಿರ ಈ ಗೋಳು ಹೇಳಿಕೊಂಡೆ. ಅವಳು "ಏನಂದಿ? ಬಿಸಿಲು ಸಾಲವಲ್ದಾ? ಇಲ್ಲಿ ಬಂದು ಎಷ್ಟು ಬೇಕಷ್ಟು ಮೂಟಿ ಕಟ್ಕೊಂಡು ಹೋಗಪ್ಪಾ, ನಮಗೂ ಪುಣ್ಯ ಬರ್ತದ" ಎಂದು ಫೋನಿಟ್ಟಳು.

ಹೀಗಿರುವಾಗ ಚಳಿ ಹೆಚ್ಚಾಯಿತೆಂದು ಶಾಲೆಗಳ ರಜೆಯನ್ನು ಮುಂದುವರಿಸಿದರು. ತಾಯಿ ಮಗಳು ಇಬ್ಬರೂ ಮನೆಯಲ್ಲಿದ್ದರು. ಅಂಥ ಒಂದು ದಿನ, ಬೆಳಗಿನ ಮಂಜು ಕರಗಿ ಹನ್ನೊಂದರ ಸುಮಾರಿಗೆ, ಚಾರ್ಜರ್ ಹುಡುಕುತ್ತ ಆ ಮೂಲೆಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಕುರ್ಚಿಯ ಬೆನ್ನಿನ ಮೇಲೆ ಚಪಾತಿಯಷ್ಟಗಲ ಬೆಳಕು ಬಿದ್ದಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಅಗಲವಾಗಿ, ಕಂಬಳಿಯ ಮೇಲೆ ಇಳಿದು, ಸ್ಟೂಲಿನ ಮೇಲಿನ ಪುಸ್ತಕದವರೆಗೂ ಹರಡಿತು. ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು!

"ಶೈಲೂ, ಲಗೂನ ಬಾ" ಎಂದೆ ಪಿಸುದನಿಯಲ್ಲಿ. ಗಟ್ಟಿಯಾಗಿ ಕೂಗಿದರೆ ಎಲ್ಲಿ ಹಾರಿಹೋಗುತ್ತದೋ ಎಂಬ ಭಯ.

ಅವಳು ಸೌಟು ಹಿಡಿದುಕೊಂಡೇ ಬಂದಳು, ನೋಡಿದಳು, ಹೋಗಿ ಆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಸೌಟು ಮಡಿಲಲ್ಲೇ ಇತ್ತು. ಆಮೇಲೆ ವಿಜ್ಞಾನದ ಟೀಚರಮ್ಮ ಎಚ್ಚರಗೊಂಡಳು. ಬಾಲ್ಕನಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ಎದುರಿನ ಟವರನ್ನು ಅಂತಸ್ತು ಅಂತಸ್ತಾಗಿ ಪರೀಕ್ಷಿಸಿದಳು. ಹನ್ನೊಂದನೆಯ ಅಂತಸ್ತಿನಲ್ಲಿ ಒಂದು ಕಿಟಕಿಯ ಗಾಜಿನ ಬಾಗಿಲು ಅರ್ಧ ತೆರೆದುಕೊಂಡು ಥಳಥಳ ಹೊಳೆಯುತ್ತಿತ್ತು. ನಮ್ಮ ಟವರಿನ ಪಕ್ಕದಿಂದ ನುಸುಳಿ ಹೋದ ಸೂರ್ಯ ಆ ಗಾಜಿಗೆ ಬಡಿದು, ಅಲ್ಲಿಂದ ಜಾರಿ ನಮ್ಮ ಕುರ್ಚಿಗೆ ಬಂದು ಬೀಳುತ್ತಿದ್ದ.

ಮರುದಿನವೂ ಬಂತು. ಅದರ ಮರುದಿನವೂ ಬಂತು. ಒಂದು ಕಾಫಿ ಮುಗಿದು ಎರಡನೆಯದು ಅರ್ಧವಾಗುವಷ್ಟು ಹೊತ್ತು ಇರುತ್ತಿತ್ತು. ಮನೆಯಲ್ಲೆಲ್ಲ ಬೆಚ್ಚಗಿದ್ದ ಜಾಗ ಅದೊಂದೇ ಆದ್ದರಿಂದ ನಾವು ಗಂಡ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಅಲ್ಲಿ ಸೇರತೊಡಗಿದೆವು. ನಾಲ್ಕನೆಯ ದಿನವೋ ಐದನೆಯ ದಿನವೋ ಮಿಹಿಕಾಳ ಕೋಣೆಯ ಬಾಗಿಲು ತಾನಾಗಿಯೇ ತೆರೆಯಿತು. ಬಂದು, ನಮ್ಮ ಕಾಲುಗಳ ನಡುವೆ ನೆಲದ ಮೇಲೆ ಜಾಗ ಮಾಡಿಕೊಂಡು, ಬೆನ್ನನ್ನು ಬಿಸಿಲಿಗೆ ಕೊಟ್ಟು ಕೂತಳು. ಕೈಯಲ್ಲಿ ಫೋನಿರಲಿಲ್ಲ. ಬಿಸಿಲಲ್ಲಿ ಸ್ಕ್ರೀನ್ ಕಾಣುವುದಿಲ್ಲವಂತೆ! "ಪಪ್ಪಾ, ರಾಯಚೂರಲ್ಲಿ ನೀವು ವಿಂಟರಲ್ಲಿ ಏನು ಮಾಡ್ತಿದ್ರಿ?" ಎಂದು ಕೇಳಿದಳು. ಚಳಿಗಾಲ ಬರಲಿ ಎಂದು ಕಾಯುತ್ತಿದ್ದೆವು, ಅಷ್ಟರಲ್ಲಿ ಬೇಸಿಗೆ ಬಂದುಬಿಡುತ್ತಿತ್ತು ಎಂದೆ. ನಕ್ಕಳು. ಮಗಳು ನನ್ನ ಮಾತಿಗೆ ನಕ್ಕು ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ಶೈಲಜಾ ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಇಬ್ಬರಿಗೂ ಕೊಡುತ್ತಿದ್ದಳು. ನಿಜ ಹೇಳಬೇಕೆಂದರೆ, ದಿಂಬು ಕಂಬಳಿಗಳಿಂದ ಬಾರದ ಆ ನೆಮ್ಮದಿ ಎಂಬುದು ಆ ವಾರ ನಮ್ಮ ಮನೆಗೆ ಬಂದು ಕೂತಿತ್ತು.

ಆಮೇಲೊಂದು ದಿನ ಬರಲಿಲ್ಲ. ಆಕಾಶ ತಿಳಿಯಾಗಿಯೇ ಇತ್ತು. ಬಾಲ್ಕನಿಗೆ ಹೋಗಿ ನೋಡಿದರೆ ಹನ್ನೊಂದನೆಯ ಅಂತಸ್ತಿನ ಕಿಟಕಿ ಮುಚ್ಚಿತ್ತು. ಮರುದಿನವೂ ಮುಚ್ಚಿತ್ತು. ಮೂರನೆಯ ದಿನ ಮಿಹಿಕಾ ಬಂದು, ಖಾಲಿ ಕುರ್ಚಿ ನೋಡಿ, "ಆಜ್ ಭೀ ನಹೀಂ? ಇವತ್ತೂ ಇಲ್ವಾ?" ಎಂದು ಕೇಳಿ, ತನ್ನ ಕೋಣೆಗೆ ವಾಪಸು ಹೋಗಿ ಬಾಗಿಲು ಹಾಕಿಕೊಂಡಳು. ಶೈಲಜಾ ಆ ಬಾಗಿಲನ್ನೇ ನೋಡುತ್ತ ನಿಂತಿದ್ದವಳು ನನ್ನ ಕಡೆ ತಿರುಗಿದಳು.

"ಹೋಗಿ ಕೇಳ್ಕೊಂಡು ಬನ್ನಿ."

"ಏನಂತ ಕೇಳ್ಲಿ? ನಿಮ್ಮ ಕಿಟಕಿ ತೆಗೀರಿ, ನಮಗ ಬಿಸಿಲು ಬೇಕಾಗ್ಯದ ಅಂತನಾ? ಹುಚ್ಚಾಸ್ಪತ್ರಿಗೆ ಫೋನ್ ಮಾಡ್ತಾರ ಅಷ್ಟ."

"ಒಳ್ಳೆ ಮಾತಲ್ಲಿ ಕೇಳಿದ್ರೆ ಯಾರೂ ಏನೂ ಅನ್ನಲ್ಲ. ಬರಿಗೈಲಿ ಹೋಗ್ಬೇಡಿ" ಎಂದು ಕೋಡುಬಳೆಯ ಡಬ್ಬಿಯೊಂದನ್ನು ಕೈಗಿತ್ತಳು. ಒಳ್ಳೆಯ ಮಾತೇನೋ ಸರಿ, ಅದನ್ನು ಹಿಂದಿಯಲ್ಲಿ ಆಡಬೇಕಲ್ಲ! ಇಷ್ಟು ವರ್ಷ ಇಲ್ಲಿದ್ದರೂ ಆ ಭಾಷೆಯಲ್ಲಿ ಯಾವ ವಸ್ತು ಗಂಡು, ಯಾವುದು ಹೆಣ್ಣು ಎಂಬುದು ನನಗೆ ಹತ್ತಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತ 'ಆಪ್ ಕಾ ಖಿಡಕಿ' ಎಂದು ಅಭ್ಯಾಸ ಮಾಡುತ್ತಿದ್ದರೆ ಮುಚ್ಚಿದ ಬಾಗಿಲಿನ ಒಳಗಿನಿಂದಲೇ "ಆಪ್ ಕೀ, ಪಪ್ಪಾ!" ಎಂಬ ತಿದ್ದುಪಡಿ ಬಂತು. ಕಿಟಕಿ ಹೆಣ್ಣಂತೆ, ಬಿಸಿಲೂ ಹೆಣ್ಣಂತೆ. ಇಬ್ಬರು ಹೆಣ್ಣುಮಕ್ಕಳ ವಿಷಯ ಮಾತಾಡಲು ಗುರುತಿಲ್ಲದವರ ಮನೆಗೆ ಹೊರಟವನಂತೆ ಅಳುಕುತ್ತ ಲಿಫ್ಟ್ ಇಳಿದೆ.

ಎದುರಿನ ಟವರಿನ ಹನ್ನೊಂದನೆಯ ಅಂತಸ್ತಿನಲ್ಲಿ ಬೆಲ್ ಒತ್ತಿದಾಗ ಬಾಗಿಲು ತೆರೆದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಎರಡು ಸ್ವೆಟರು, ಮೇಲೊಂದು ಶಾಲು, ತಲೆಗೆ ಉಣ್ಣೆಯ ಟೋಪಿ. ಬಾಗಿಲ ಮೇಲೆ 'ಸೇಠಿ' ಎಂದು ಬರೆದಿತ್ತು. ನಾನು "ಆಂಟೀಜೀ, ಖಿಡಕಿ..." ಎಂದಷ್ಟೇ ಅಂದದ್ದು.

"ಅಂತೂ ಬಂದೆಯಾ!" ಎಂದು ಗರ್ಜಿಸಿದರು. ಅವರ ಹಿಂದಿಯಲ್ಲಿ ಅರ್ಧ ಪಂಜಾಬಿ. ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಕೊಡುತ್ತೇನೆ. "ದೀಪಾವಳಿ ಮುಗಿದಾಗಿನಿಂದ ಫೋನ್ ಮಾಡ್ತಾ ಇದೀನಿ. ಇವತ್ತು ಬರ್ತಾನೆ, ನಾಳೆ ಬರ್ತಾನೆ! ಬಾ ಒಳಗೆ, ನೋಡು ಬಾ!" ನನ್ನ ತೋಳು ಹಿಡಿದು ಹಾಲಿನಾಚೆಯ ಕೋಣೆಗೆ ಕರೆದುಕೊಂಡು ಹೋದರು. ಅವರು ನನ್ನನ್ನು ಸೊಸೈಟಿಯ ರಿಪೇರಿ ಸೂಪರ್‌ವೈಸರ್ ಎಂದು ತಿಳಿದಿದ್ದರು. ಕಿಟಕಿಯ ಕೀಲು ಮುರಿದು ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡು, ಅದನ್ನು ಮುಚ್ಚಲಾಗದೆ ಚಳಿಗಾಲವಿಡೀ ಕಷ್ಟಪಟ್ಟಿದ್ದರಂತೆ. ಬೆಡ್‌ಶೀಟ್ ಕಟ್ಟಿದರಂತೆ, ರಟ್ಟು ಅಂಟಿಸಿದರಂತೆ. ಆದರೂ ಸಂದಿಯಿಂದ ಗಾಳಿ ನುಗ್ಗಿ ಮೊಣಕಾಲು ಹಿಡಿದು, ರಾತ್ರಿಯೆಲ್ಲ ನಿದ್ದೆಯಿಲ್ಲವಂತೆ. ಕಡೆಗೆ ಅಣ್ಣನ ಮಗ ಫರೀದಾಬಾದಿನಿಂದ ಬಡಗಿಯನ್ನು ಕರೆತಂದು ಮೊನ್ನೆ ಸರಿ ಮಾಡಿಸಿದನಂತೆ. "ಈಗ ಬಂದು ಏನು ಮಾಡ್ತೀಯ? ಆರತಿ ಎತ್ತುತ್ತೀಯಾ?"

ನಾನು ಅವರ ಕಿಟಕಿಯ ಗಾಜಿನಾಚೆ ನೋಡುತ್ತಿದ್ದೆ. ಅಷ್ಟೆತ್ತರದಿಂದ ನಮ್ಮ ಮನೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಆ ಬೆಂಕಿಪೆಟ್ಟಿಗೆಯ ಬಾಲ್ಕನಿಯಲ್ಲಿ ಶೈಲಜಾ ಕೈ ಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು. ಈ ಮುದುಕಿಗೆ ಮೊಣಕಾಲು ನೋವು ತಂದ ಮುರುಕು ಕೀಲೇ ನಮ್ಮ ನೆಮ್ಮದಿಯ ಮೂಲವಾಗಿತ್ತು ಎಂಬುದು ನನಗೆ ಹೊಳೆಯಿತು. ಇದನ್ನು ಇನ್ನೊಮ್ಮೆ ಮುರಿಯಿರಿ ಎಂದು ಯಾವ ಬಾಯಲ್ಲಿ ಕೇಳುವುದು? "ಸಾರಿ ಆಂಟೀಜೀ, ತಪ್ಪಾಯ್ತು" ಎಂದು ಸೂಪರ್‌ವೈಸರನ ಪರವಾಗಿ ಕ್ಷಮೆ ಕೇಳಿ, ಕೋಡುಬಳೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹೊರಡಲು ತಿರುಗಿದೆ.

ಅಲ್ಲಿ ಸಿಕ್ಕಿಬಿದ್ದೆ. ಡಬ್ಬಿ ತೆರೆದು ನೋಡಿದ ಸೇಠಿ ಆಂಟಿಗೆ ಅನುಮಾನ ಬಂತು. ರಿಪೇರಿಯವರು ತಿಂಡಿ ತರುವ ಪದ್ಧತಿ ಈ ಸೊಸೈಟಿಯಲ್ಲಿಲ್ಲ. "ನೀನು ಯಾರು?" ಎಂದರು, ಗೋಡೆಯ ಮೇಲಿನ ಇಂಟರ್‌ಕಾಮಿನ ಕಡೆ ಸರಿಯುತ್ತ.

ಇನ್ನು ಮುಚ್ಚಿಡುವಂತಿರಲಿಲ್ಲ. ಗಂಡು ಹೆಣ್ಣುಗಳನ್ನೆಲ್ಲ ಕಲಸುಮೇಲೋಗರ ಮಾಡಿ, ಕೈಸನ್ನೆಯ ಸಹಾಯದಿಂದ, ಉತ್ತರ ದಿಕ್ಕಿನ ಮನೆ, ಬೆತ್ತದ ಕುರ್ಚಿ, ಅವರ ಗಾಜು, ನಮ್ಮ ಬಿಸಿಲು ಎಲ್ಲವನ್ನೂ ಹೇಳಿದೆ. ಮಗಳು ಕೋಣೆಯಿಂದ ಹೊರಗೆ ಬಂದದ್ದನ್ನೂ ಹೇಳಿದೆ. ಅವರು ನನ್ನ ಮುಖ ನೋಡಿದರು, ಕಿಟಕಿ ನೋಡಿದರು, ಕೆಳಗೆ ಕೈ ಕಟ್ಟಿ ನಿಂತ ಶೈಲಜಾಳನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಕೆಮ್ಮು ಬರುವ ತನಕ ನಿಲ್ಲಿಸಲಿಲ್ಲ.

"ಅಂದ್ರೆ ನಾನು ಇಲ್ಲಿ ಗಡಗಡ ನಡುಗ್ತಾ ಇದ್ದೆ, ನೀವು ಅಲ್ಲಿ ಬಿಸಿಲಿಗೆ ಮೈ ಕಾಯಿಸ್ಕೊಂಡು ಕಾಫಿ ಕುಡೀತಿದ್ರಿ!"

"ಹೌದು ಆಂಟೀಜೀ. ನಾನು ಬರ್ತೀನಿ" ಎಂದೆ.

"ಬೈಠೋ, ಕೂತ್ಕೋ" ಎಂದರು. ತಾವೇ ಹೋಗಿ ಕಿಟಕಿಯ ಚಿಲಕ ತೆಗೆದರು. "ಈಗ ಕೀಲು ಹೊಸದು. ಬೇಕಾದಾಗ ತೆರೆದು ಬೇಕಾದಾಗ ಮುಚ್ಚಬಹುದು. ಎಷ್ಟು ತೆರೀಲಿ, ಹೇಳು."

ನಾನು ಶೈಲಜಾಗೆ ಫೋನ್ ಹಚ್ಚಿದೆ. ಟಿವಿ ಬಂದ ಹೊಸದರಲ್ಲಿ ಮನೆಯ ಮೇಲೆ ಹತ್ತಿ ಆಂಟೆನಾ ತಿರುಗಿಸಿದವರಿಗೆ ಮುಂದಿನದ್ದನ್ನು ವಿವರಿಸಬೇಕಾಗಿಲ್ಲ. ಸೇಠಿ ಆಂಟಿ ಗಾಜಿನ ಬಾಗಿಲನ್ನು ಅಂಗುಲ ಅಂಗುಲವಾಗಿ ತಳ್ಳುತ್ತಿದ್ದರು, ನಾನು "ಬಂತಾ?" ಎನ್ನುತ್ತಿದ್ದೆ, ಫೋನಿನೊಳಗಿನಿಂದ ಶೈಲಜಾ "ಇಲ್ಲ... ಇಲ್ಲ... ಬಂತು ಬಂತು... ಅಯ್ಯೋ ಹೋಯ್ತು... ಸ್ವಲ್ಪ ಹಿಂದಕ್ಕೆ... ಹಾಂ, ಹಾಗೇ ಬಿಡಿ!" ಎನ್ನುತ್ತಿದ್ದಳು. ಹಿಂದೆ, ಬಂತೆಂದು ಮಿಹಿಕಾ ಕೂಗಿದ "ಆ ಗಯೀ!" ಕೇಳಿಸಿತು. ಕಿಟಕಿ ಅಲುಗದಂತೆ ಕೆಳಗೆ ಒಂದು ಹಳೆಯ ಚಪ್ಪಲಿ ಸಿಕ್ಕಿಸಿ, ಆಂಟಿ ಕೋಡುಬಳೆಯನ್ನು ಚಹಾದಲ್ಲಿ ಅದ್ದಿ ಮೆತ್ತಗಾಗಿಸಿಕೊಂಡು ತಿಂದರು. ಇದು ಅಪಚಾರವೆಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಂದಿನಿಂದ ದಿನಾ ಹನ್ನೊಂದಕ್ಕೆ ಕಿಟಕಿ ತೆರೆಯಿತು. ಆಂಟಿ ಶಾಲು ಬಿಗಿದುಕೊಂಡು ಪಕ್ಕದಲ್ಲೇ ಕೂತು, ಫೋನ್ ಮಾಡಿ, ಹೊಸದಾಗಿ ಕಲಿತ ಕನ್ನಡದಲ್ಲಿ "ಬಂತಾ?" ಎಂದು ಕೇಳುವರು. ಬಂತು ಎಂದರೆ ಅಲ್ಲಿಂದಲೇ ಕೈ ಬೀಸುವರು. ಶೈಲಜಾ ಮೇಲಕ್ಕೆ ಚಟ್ನಿಪುಡಿ ಕಳಿಸಿದಳು, ಅಲ್ಲಿಂದ ಗಜ್ಜರಿಯ ಹಲ್ವ ಕೆಳಗೆ ಬಂತು. ಎಲ್ಲ ಸೊಗಸಾಗಿತ್ತು, ರಜೆ ಮುಗಿದು ತಾಯಿ ಮಗಳು ಶಾಲೆಗೆ ಹೋಗುವ ತನಕ. ಆಮೇಲೆ ಹನ್ನೊಂದರ ಹೊತ್ತಿಗೆ ಮನೆಯಲ್ಲಿ ಉಳಿದವನು ನಾನೊಬ್ಬನೇ.

ಒಂದು ದಿನ ಮೀಟಿಂಗ್ ಇತ್ತು, ಒಳಗಿನ ಕೋಣೆಯಲ್ಲಿದ್ದೆ. ಫೋನ್ ಬಂತು. "ಬೇಟಾ, ಕುರ್ಸಿ ಖಾಲಿ ಇದೆ. ತಬಿಯತ್ ಸರಿಯಿಲ್ವಾ?" ಮುದುಕಿ ಚಳಿಯಲ್ಲಿ ಕಿಟಕಿ ತೆರೆದು ಕೂತಿರುವಾಗ ಬಿಸಿಲನ್ನು ಪೋಲು ಮಾಡುವುದು ಹೇಗೆ? ಮರುದಿನ ಲ್ಯಾಪ್‌ಟಾಪ್ ಎತ್ತಿಕೊಂಡೇ ಕುರ್ಚಿಗೆ ಹೋದೆ. ಮತ್ತೆ ಫೋನ್. "ಅದನ್ನು ಕೆಳಗಿಡು. ನಿನ್ನ ಆಫೀಸಿಗೋಸ್ಕರ ನಾನು ಕಿಟಕಿ ತೆರೀತಾ ಇಲ್ಲ." ಕೆಳಗಿಟ್ಟೆ. ಕೈಗೆ ಕೆಲಸವಿಲ್ಲದೆ ಸುಮ್ಮನೆ ಕೂರುವುದು ಮೊದಮೊದಲು ಶಿಕ್ಷೆಯಂತಿತ್ತು. ಹನ್ನೊಂದಕ್ಕೆ ನನಗೆ ಬೇರೆ ಕೆಲಸವಿದೆಯೆಂದು ಆಫೀಸಿನಲ್ಲಿ ಹೇಳಿಬಿಟ್ಟೆ. ಏನು ಕೆಲಸವೆಂದು ಯಾರೂ ಕೇಳಲಿಲ್ಲ. ಬಹುಶಃ ವೈದ್ಯಕೀಯ ವಿಷಯವೆಂದು ತಿಳಿದಿರಬೇಕು. ಹೀಗೆ, ಒಬ್ಬರ ಕಣ್ಗಾವಲಿನಲ್ಲಿ, ಅಪ್ಪಣೆಯ ಪ್ರಕಾರ, ನಾನು ದಿನಾ ನೆಮ್ಮದಿಯಿಂದಿರಲು ಕಲಿತೆ.

ಫೆಬ್ರವರಿ ಅರ್ಧ ಕಳೆಯುತ್ತಿದ್ದಂತೆ ಬಿಸಿಲು ಕುರ್ಚಿಯಿಂದ ನನ್ನ ಪಾದಕ್ಕೆ ಇಳಿಯಿತು. ಆಮೇಲೆ ಬಾಲ್ಕನಿಯ ನೆಲಕ್ಕೆ, ಅಲ್ಲಿಂದ ಕಂಬಿಯಾಚೆಗೆ ಜಾರಿ ಮಾಯವಾಯಿತು. ಸೂರ್ಯ ಮೇಲೇರಿದಷ್ಟೂ ಗಾಜಿನಿಂದ ಬರುವ ಬೆಳಕು ಕೆಳಕೆಳಗೆ ಬೀಳುತ್ತದೆಂದು ಶೈಲಜಾ ವಿವರಿಸಿದಳು. ಅವಳಿಗೆ ದುಃಖವೇನಿರಲಿಲ್ಲ. ಆ ಹೊತ್ತಿಗೆ ಅವಳ ಮನೆ ವಸಂತದ ಉಸಿರಾಡಲು ಶುರುಮಾಡಿ, ದಿಂಬುಗಳೆಲ್ಲ ಎಳೆಹಸುರಾಗಿದ್ದವು. ಮಿಹಿಕಾಗೂ ಸಂಜೆ ನಮ್ಮ ಜೊತೆ ಕೂತು ಹರಟುವ ಅಭ್ಯಾಸವಾಗಿಬಿಟ್ಟಿತ್ತು, ಬಿಸಿಲಿನ ನೆಪ ಬೇಕಾಗಿರಲಿಲ್ಲ. ನಮ್ಮ ಕೆಳಗಿನ ಮನೆಯ ತ್ಯಾಗಿಯವರು ಮಾತ್ರ ಲಿಫ್ಟಿನಲ್ಲಿ ಸಿಕ್ಕಿ, "ಭಾಯಿಸಾಬ್, ವಾಸ್ತುವಿನವರು ಹೇಳಿದ ಹಾಗೆ ಬಾಲ್ಕನಿಗೆ ಒಂದು ಗಂಟೆ ಕಟ್ಟಿದೆ. ನಂಬಿದರೆ ನಂಬಿ, ಬಿಸಿಲು ಬರೋಕೆ ಶುರುವಾಗಿದೆ!" ಎಂದರು. ದಿನಾ ಅಲ್ಲಿ ಮಂಚ ಹಾಕಿಕೊಂಡು, ಮೈಗೆ ಸಾಸಿವೆ ಎಣ್ಣೆ ತಿಕ್ಕಿಕೊಂಡು ಮಲಗುತ್ತಾರಂತೆ.

"ಪಾಪ, ಆಂಟಿಗೆ ಹೇಳಿ ಬನ್ನಿ. ಯಾಕೆ ಸುಮ್ನೆ ಕಿಟಕಿ ತೆಗೀಬೇಕು ಅವರು" ಎಂದಳು ಶೈಲಜಾ. ಹೇಳಲೆಂದೇ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಚಹಾ ಸುರಿಯುತ್ತ, "ಮೊದಲೆಲ್ಲ ಬೆಳಿಗ್ಗೆ ಆಗಿದ್ದೂ ಗೊತ್ತಾಗ್ತಿರಲಿಲ್ಲ, ಹೋಗಿದ್ದೂ ಗೊತ್ತಾಗ್ತಿರಲಿಲ್ಲ. ಈಗ ಹನ್ನೊಂದಕ್ಕೆ ನಂಗೊಂದು ಕೆಲಸ ಇದೆ ಅಂತ ಬೇಗ ಎದ್ದು ಸ್ನಾನ ಮಾಡ್ತೀನಿ ಬೇಟಾ" ಎಂದರು. ಚಹಾ ಕುಡಿದು ವಾಪಸು ಬಂದೆ. ಏನಾಯ್ತೆಂದು ಶೈಲಜಾ ಕೇಳಿದಾಗ, ಸಂದರ್ಭ ಒದಗಿ ಬರಲಿಲ್ಲ ಎಂದೆ.

ಹೀಗಾಗಿ ಈಗಲೂ ಹನ್ನೊಂದಕ್ಕೆ ಹೋಗಿ ಆ ತಣ್ಣನೆಯ ನೆರಳಿನಲ್ಲಿ ಕೂರುತ್ತೇನೆ. ಬಿಸಿಲು ಚುಚ್ಚುತ್ತಿರುವವನಂತೆ ಕಣ್ಣು ಕಿರಿದು ಮಾಡಿ, ಹಣೆಗೆ ಕೈ ಅಡ್ಡ ಹಿಡಿದು, ಮೇಲಕ್ಕೆ ಕೈ ಬೀಸುತ್ತೇನೆ. ನನ್ನ ಅಭಿನಯ ಎಷ್ಟು ಚೆನ್ನಾಗಿತ್ತೆಂದರೆ ಮೊನ್ನೆ ಆಂಟಿ ಫೋನ್ ಮಾಡಿ, "ಬಿಸಿಲು ಬಹಳ ಆಯ್ತೇನೋ ಬೇಟಾ, ಕಣ್ಣೇ ಬಿಡೋಕಾಗ್ತಿಲ್ಲ ನಿಂಗೆ" ಎಂದು ಮರುಗಿ, ನಾನು ಬೇಡವೆನ್ನುವಷ್ಟರಲ್ಲಿ ಕಿಟಕಿಯನ್ನು ಮುಚ್ಚಿಬಿಟ್ಟರು. ಮರುಕ್ಷಣವೇ ಕೆಳಗಿನ ಬಾಲ್ಕನಿಯಿಂದ "ಅರೇ, ಧೂಪ್ ಕಹಾಂ ಗಯೀ?" ಎಂದು ಕಾಣೆಯಾದ ಬಿಸಿಲಿಗಾಗಿ ಗಾಬರಿಯ ಕೂಗು ಕೇಳಿಸಿತು, ಅದರ ಹಿಂದೆಯೇ ತ್ಯಾಗಿಯವರು ವಾಸ್ತುವಿನ ಗಂಟೆಯನ್ನು ಜೋರಾಗಿ ಬಾರಿಸುವ ಸದ್ದು. ಎಣ್ಣೆ ಹಚ್ಚಿಕೊಂಡ ಆ ಮನುಷ್ಯ ನೆಗಡಿ ಹಿಡಿದು ಮಲಗಿದರೆ ಪಾಪ ಯಾರಿಗೆ? "ಇಲ್ಲ ಆಂಟೀಜೀ, ತೆರೆಯಿರಿ, ನನಗಿನ್ನೂ ಚಳಿ ಬಿಟ್ಟಿಲ್ಲ" ಎಂದೆ. ಬಿಸಿಲು ಹೋದ ಮೇಲೆ ಅವರಿಗೆ ನಾನು ಆಡಿದ ನಿಜವಾದ ಮಾತು ಅದೊಂದೇ.